ಬೀಗವಿಲ್ಲದ ನೀರಿನ ಫಿಲ್ಟರ್: ಒಂದೂವರೆ ವರ್ಷ ಬಳಸಿದ ಮೇಲೆ

2024ರ ಮೇ 26, ಭಾನುವಾರ. ಬೇಸಿಗೆ ರಜೆ ಮುಗಿಸಿಕೊಂಡು ತಿಪಟೂರು ಹತ್ತಿರದ ನಮ್ಮ ತೋಟದ ಮನೆಯಿಂದ ತುಮಕೂರಿಗೆ ವಾಪಸ್ ಬಂದೆವು. ಸಂಜೆ ನಾಲ್ಕಾದರೂ ಬಿಸಿಲು ಇಳಿದಿರಲಿಲ್ಲ. ಅತ್ತೆಗೆ 76 ವರ್ಷ. ಬಸ್ಸಿಳಿದು ಬಂದವರು ಜಗಲಿ ಮೇಲೆ ಕೂತು ಮೊದಲು ಕೇಳಿದ್ದೇ ಒಂದು ಲೋಟ ನೀರು. ಒಳಗೆ ಹೋಗಿ ನೀರಿನ ಯಂತ್ರದ ಬಟನ್ ಒತ್ತಿದೆ. ಕೆಂಪು ದೀಪ ಮಿನುಗಿತು, ಮೂರು ಸಲ ಕೀಂ ಅಂತು, ಸುಮ್ಮನಾಯಿತು. ನಲ್ಲಿ ತಿರುಗಿಸಿದರೆ ಒಂದು ಹನಿ ಇಲ್ಲ.

ಕರೆಂಟ್ ಇತ್ತು. ಓವರ್‌ಹೆಡ್ ಟ್ಯಾಂಕ್‌ನಲ್ಲಿ ನೀರಿತ್ತು. ಯಂತ್ರ ಕೆಟ್ಟೂ ಇರಲಿಲ್ಲ. ಅದರ ಪ್ಯಾನಲ್ ಮೇಲೆ ಫಿಲ್ಟರ್ ಅವಧಿ ಮುಗಿದಿದೆ ಎಂಬ ಚಿಹ್ನೆ ಉರಿಯುತ್ತಿತ್ತು, ಅಷ್ಟೇ. ಹೊಸ ಫಿಲ್ಟರ್ ಹಾಕುವವರೆಗೆ ನೀರು ಕೊಡುವುದಿಲ್ಲ ಎಂದು ಯಂತ್ರವೇ ತೀರ್ಮಾನ ಮಾಡಿತ್ತು. ನಾವು 42 ದಿನ ಊರಲ್ಲಿ ಇರಲಿಲ್ಲ. ನೀರಿನ ವಾಲ್ವ್ ನಿಲ್ಲಿಸಿ ಹೋಗಿದ್ದೆವು, ಪ್ಲಗ್ ಮಾತ್ರ ತೆಗೆದಿರಲಿಲ್ಲ. ಅಷ್ಟು ದಿನ ಆ ಫಿಲ್ಟರ್ ಮೂಲಕ ಒಂದು ಲೋಟ ನೀರೂ ಹರಿದಿಲ್ಲ. ಆದರೆ ಒಳಗಿನ ಗಡಿಯಾರ ದಿನ ಎಣಿಸುತ್ತಲೇ ಇತ್ತು. ಅದು ಎಣಿಸುವುದು ನೀರನ್ನಲ್ಲ, ದಿನವನ್ನು!

ಅವತ್ತು ಪಕ್ಕದ ಮನೆಯಿಂದ ಒಂದು ಕೊಡ ನೀರು ತಂದೆ. ಆ ಸಂಜೆಯ ಸಿಟ್ಟಿನಿಂದಲೇ ಈ ವಿಮರ್ಶೆ ಶುರುವಾಗಿದ್ದು. ಆದರೆ ಬರೆಯುತ್ತಿರುವುದು ಹಳೆಯ ಯಂತ್ರದ ಬಗ್ಗೆ ಅಲ್ಲ. ಅದರ ಜಾಗಕ್ಕೆ ಬಂದ ಎರಡು ವಸ್ತುಗಳ ಬಗ್ಗೆ. ಒಂದು, ಗುಬ್ಬಿ ಗೇಟ್ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ ಜೋಡಿಸಿಕೊಟ್ಟ ಬ್ರ್ಯಾಂಡ್ ಇಲ್ಲದ ಆರ್‌ಒ ಯಂತ್ರ, ಅಂದರೆ ನೀರನ್ನು ಒತ್ತಡದಿಂದ ತೆಳು ಪೊರೆಯ ಮೂಲಕ ತಳ್ಳಿ ಲವಣ ತೆಗೆಯುವಂಥದ್ದು. ಇನ್ನೊಂದು, ಅಟ್ಟದ ಮೇಲೆ ಮೂಲೆ ಸೇರಿದ್ದ ಸ್ಟೀಲ್ ಕ್ಯಾಂಡಲ್ ಫಿಲ್ಟರ್. ಒಂದೂವರೆ ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಅಳತೆ ಬರೆದಿಡುವ ಅಭ್ಯಾಸ ಇದೆ. ಹಾಗಾಗಿ ಇಲ್ಲಿರುವ ಅಂಕಿಗಳು ನಮ್ಮ ಅಡುಗೆಮನೆಯಲ್ಲೇ ಅಳೆದವು.

ಮೊದಲು ಹಳೆಯದರ ಕಥೆ ಮುಗಿಸಿಬಿಡುತ್ತೇನೆ. 2021ರ ಮೇನಲ್ಲಿ 18,500 ರೂಪಾಯಿ ಕೊಟ್ಟು ತಂದಿದ್ದು. ಮೊದಲ ವರ್ಷ ಸರ್ವಿಸ್ ಉಚಿತ. ಆಮೇಲೆ ವರ್ಷದ ಒಪ್ಪಂದ, ಅಂದರೆ ಎಲ್ಲರೂ ಹೇಳುವ ಎಎಂಸಿ. 2022ರಲ್ಲಿ 4,900, 2023ರಲ್ಲಿ 5,400. ಅಲ್ಲಿಗೆ ಒಟ್ಟು 28,800 ಆಯಿತು. 2024ರ ಮೇ ಮಧ್ಯಕ್ಕೆ ಒಪ್ಪಂದ ಮುಗಿದಿತ್ತು. ಫೋನ್ ಮಾಡಿದರೆ, ಈಗ 5,800 ಕಟ್ಟಿದರೆ ಹೊಸ ಫಿಲ್ಟರ್ ಹಾಕಿ ಲಾಕ್ ತೆಗೆಯುತ್ತೇವೆ ಅಂದರು. ಬರೀ ಫಿಲ್ಟರ್ ಕೊಡಿ, ನಾನೇ ಹಾಕಿಕೊಳ್ಳುತ್ತೇನೆ ಅಂದೆ. ಕೊಡಲ್ಲ ಅಂದರು. ಹೊರಗಿನ ಫಿಲ್ಟರ್ ಹಾಕಲು ಆಗುವುದಿಲ್ಲ, ಏಕೆಂದರೆ ಅವರ ಫಿಲ್ಟರ್ ಮೇಲೆ ಉಗುರಿನಷ್ಟು ಅಗಲದ ಒಂದು ಚಿಪ್ ಅಂಟಿಸಿರುತ್ತಾರೆ. ಯಂತ್ರ ಆ ಚಿಪ್ ಓದಿದರೆ ಮಾತ್ರ ಪಂಪ್ ಓಡುತ್ತದೆ.

ಮಂಗಳವಾರ ಒಬ್ಬ ಹುಡುಗ ಬಂದ. ಇಪ್ಪತ್ತೈದರ ಒಳಗಿನ ವಯಸ್ಸು, ಬೆನ್ನಿಗೆ ಭಾರದ ಬ್ಯಾಗು. ಪ್ಯಾನಲ್ ಮೇಲಿನ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದ. ಯಂತ್ರ ಓಡತೊಡಗಿತು. ಅದೇ ಹಳೆಯ ಫಿಲ್ಟರ್, ಅದೇ ನೀರು. ಐದು ನಿಮಿಷ ಬಿಟ್ಟು ಬಂದ ನೀರಿಗೆ ಅವನದೇ ಟಿಡಿಎಸ್ ಮೀಟರ್ ಅದ್ದಿದ. 62 ತೋರಿಸಿತು. ಅಂದರೆ ನೀರಲ್ಲಿ ಕರಗಿರುವ ಲವಣಾಂಶ ಲೀಟರಿಗೆ 62 ಮಿಲಿಗ್ರಾಂ. ನಮ್ಮ ಬೋರ್‌ವೆಲ್ ನೀರು 900ರ ಮೇಲಿದೆ.

“ಚೆನ್ನಾಗೇ ಕೆಲಸ ಮಾಡ್ತಿದೆ ಅಲ್ವಾ?” ಅಂದೆ.

“ಮಾಡುತ್ತೆ ಮೇಡಂ. ಆದ್ರೆ ದಿನ ಮುಗಿದಿದೆ.”

ಬಟನ್ ಬಿಟ್ಟು ಸ್ವಲ್ಪ ಹೊತ್ತಿಗೆ ಮತ್ತೆ ಲಾಕ್ ಆಯಿತು.

ನನಗೆ ನಿಜವಾಗಿ ನೋವಾದದ್ದು ಆಮೇಲೆ. ನಾನು ಎಎಂಸಿ ಬೇಡ ಅನ್ನುತ್ತಿದ್ದಂತೆ ಅವನು ಬ್ಯಾಗಿನಿಂದ ಒಂದು ಸಾಧನ ತೆಗೆದ. ಪ್ಲಗ್ ಇರುವ ಪುಟ್ಟ ಪೆಟ್ಟಿಗೆ, ಕೆಳಗೆ ನಾಲ್ಕು ಲೋಹದ ಕಡ್ಡಿಗಳು. ಎರಡು ಗಾಜಿನ ಲೋಟ ಕೇಳಿದ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಯಂತ್ರದ ನೀರು. ಕಡ್ಡಿಗಳನ್ನು ಮುಳುಗಿಸಿ ಸ್ವಿಚ್ ಹಾಕಿದ. ಒಂದೇ ನಿಮಿಷದಲ್ಲಿ ನಲ್ಲಿ ನೀರು ಹಳದಿಯಾಗಿ, ಹಸಿರಾಗಿ, ಕೊನೆಗೆ ಕಂದು ಬಣ್ಣದ ಬಗ್ಗಡವಾಯಿತು. ಮೇಲೆ ನೊರೆ. ಯಂತ್ರದ ನೀರು ಹಾಗೇ ತಿಳಿಯಾಗಿತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ದೇವರೇ, ಎರಡು ದಿನದಿಂದ ನಾವು ಕುಡೀತಿರೋದು ಇದನ್ನೇನಮ್ಮಾ?”

ಈ ಪ್ರಯೋಗ ನಿಮ್ಮ ಮನೆಯಲ್ಲೂ ಯಾರಾದರೂ ಮಾಡಿ ತೋರಿಸಿರಬಹುದು. ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ. ಆ ಕಂದು ಬಣ್ಣ ನೀರಿನಿಂದ ಬಂದದ್ದಲ್ಲ, ಕಡ್ಡಿಯಿಂದ ಬಂದದ್ದು. ಕಡ್ಡಿಗಳಲ್ಲಿ ಎರಡು ಕಬ್ಬಿಣದವು. ನೀರಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಹರಿದಾಗ ಕಬ್ಬಿಣ ಕರಗಿ ತುಕ್ಕಿನಂಥ ಬಗ್ಗಡವಾಗುತ್ತದೆ. ಆರ್‌ಒ ನೀರಲ್ಲಿ ಲವಣ ತೀರಾ ಕಡಿಮೆ, ಕರೆಂಟ್ ಸರಿಯಾಗಿ ಹರಿಯಲ್ಲ, ಕಡ್ಡಿ ಕರಗಲ್ಲ. ಅಷ್ಟೇ ವಿಷಯ. ಕುಡಿಯಲು ಯೋಗ್ಯವೋ ಅಲ್ಲವೋ ಎಂಬುದಕ್ಕೂ ಆ ಬಣ್ಣಕ್ಕೂ ಸಂಬಂಧವೇ ಇಲ್ಲ.

ಪ್ಲಗ್ ತೆಗೆಸಿದೆ. ಯಂತ್ರದ ನೀರಿಗೆ ಎರಡು ಚಿಟಿಕೆ ಅಡುಗೆ ಉಪ್ಪು ಹಾಕಿ ಕದಡಿದೆ. ಈಗ ಹಾಕಪ್ಪ ಅಂದೆ. ಅವನು ತಡೆದ. ಆಮೇಲೆ ಹಾಕಿದ. ಆ ತಿಳಿ ನೀರು ನಲ್ಲಿ ನೀರಿಗಿಂತ ಬೇಗ, ಅದಕ್ಕಿಂತ ಗಾಢವಾಗಿ ಕಂದಾಯಿತು. ಅತ್ತೆಗೆ ಕರೆದು ತೋರಿಸಿದೆ. ಹುಡುಗ ತಲೆ ತಗ್ಗಿಸಿ, “ಟ್ರೇನಿಂಗಲ್ಲಿ ಹೀಗೇ ಹೇಳಿಕೊಟ್ಟಿದ್ದು ಮೇಡಂ” ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಷ್ಟು ಎಎಂಸಿ ಮಾಡಿಸಲೇಬೇಕು ಎಂಬ ಟಾರ್ಗೆಟ್ ಇರುವ ಹುಡುಗ ಅವನು. ಕಾಫಿ ಕೊಟ್ಟು ಕಳಿಸಿದೆ. ಆದರೆ ವಯಸ್ಸಾದವರನ್ನು ಕುಡಿಯುವ ನೀರಿನ ವಿಷಯದಲ್ಲಿ ಹೆದರಿಸಿ ದುಡ್ಡು ಕೀಳುವುದನ್ನು ಒಂದು ಪದ್ಧತಿಯಾಗಿ ಕಲಿಸುತ್ತಾರಲ್ಲ, ಅದನ್ನು ನಾನು ಕ್ಷಮಿಸಲಾರೆ.

ಅವತ್ತು ರಾತ್ರಿ ಹಳೆಯ ಫಿಲ್ಟರ್ ಒಂದನ್ನು ಗರಗಸದಲ್ಲಿ ಕೊಯ್ದು ನೋಡಿದೆ. ಹಿಂದಿನ ವರ್ಷ ಬದಲಾಯಿಸಿದ್ದಾಗ ಇಟ್ಟುಕೊಂಡಿದ್ದು. ಹೊರಗೆ ಹೊಳೆಯುವ ಬಿಳಿ ಪ್ಲಾಸ್ಟಿಕ್, ಮೇಲೆ ಚಿಪ್. ಒಳಗೆ ಕೆಸರು ಹಿಡಿಯುವ, ದಾರ ಸುತ್ತಿದ ಹಾಗಿರುವ ಬಿಳಿ ಸ್ಪನ್ ಒಂದು ತುಂಡು, ಅದರ ಹಿಂದೆ ಇದ್ದಿಲಿನ ಪುಡಿ. ಸ್ಪನ್ ಹೊರಮೈ ತುಸು ಕಂದಾಗಿತ್ತು, ಒಳಗೆ ಇನ್ನೂ ಬೆಳ್ಳಗೇ ಇತ್ತು. ಇದ್ದಿಲ ಪುಡಿಯನ್ನು ಕಾಗದದ ಮೇಲೆ ಸುರಿದು ಬೆರಳಲ್ಲಿ ಉಜ್ಜಿದೆ. ನಮ್ಮ ಸ್ಕೂಲ್ ಲ್ಯಾಬಿನ ಡಬ್ಬಿಯಲ್ಲಿ ಇರುವಂಥದ್ದೇ ಇದ್ದಿಲು.

ಇನ್ನು ಹೊಸದಕ್ಕೆ ಬರುತ್ತೇನೆ. ಕೊಳ್ಳುವ ಮೊದಲು ನಾನು ಮಾಡಿದ ಕೆಲಸ ನೀರು ಅಳೆದದ್ದು. ಇದನ್ನು ಮೂರು ವರ್ಷದ ಹಿಂದೆಯೇ ಮಾಡಬೇಕಿತ್ತು. 280 ರೂಪಾಯಿಗೆ ಪೆನ್ನಿನ ಥರದ ಟಿಡಿಎಸ್ ಮೀಟರ್ ಸಿಕ್ಕಿತು. ತುಮಕೂರಿನವರಿಗೆ ಗೊತ್ತು, ನಮಗೆ ಎರಡು ಥರದ ನೀರು. ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿ ನೀರನ್ನು ಪಾಲಿಕೆ ಕೆಲವು ದಿನಕ್ಕೊಮ್ಮೆ ಬಿಡುತ್ತದೆ. ಮಿಕ್ಕ ದಿನ ಬೋರ್‌ವೆಲ್. ಹೇಮಾವತಿ ನೀರು ನಮ್ಮ ಮನೆಯ ಸಂಪಿನಲ್ಲಿ 190 ತೋರಿಸಿತು. ಬೋರ್ ನೀರು 940.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಇಲ್ಲದ ಕಡೆ 2,000ವರೆಗೂ ಒಪ್ಪುತ್ತಾರೆ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನೇ ನಿಷೇಧಿಸಿ ಎಂದು 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಕಾರಣ, ಆರ್‌ಒ ಚೆಲ್ಲುವ ನೀರು. ಅಂದರೆ 190 ಇರುವ ಹೇಮಾವತಿ ನೀರನ್ನು ಮೂರು ವರ್ಷ ಆರ್‌ಒಗೆ ಹಾಕಿ, ಬಹುಪಾಲನ್ನು ಮೋರಿಗೆ ಬಿಟ್ಟಿದ್ದೇವೆ. ಮಾರಿದವರು ಒಂದು ಸಲವೂ ನಮ್ಮ ನೀರು ಎಷ್ಟಿದೆ ಎಂದು ಕೇಳಿರಲಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಟಿಡಿಎಸ್ ಮೀಟರ್ ಎಲ್ಲವನ್ನೂ ಹೇಳುವುದಿಲ್ಲ. ಫ್ಲೋರೈಡ್ ಇದೆಯೇ, ನೈಟ್ರೇಟ್ ಇದೆಯೇ, ಬ್ಯಾಕ್ಟೀರಿಯಾ ಇದೆಯೇ ಎಂಬುದು ಅದಕ್ಕೆ ಗೊತ್ತಾಗಲ್ಲ. ನಮ್ಮ ಜಿಲ್ಲೆಯಲ್ಲೇ ಪಾವಗಡದ ಕಡೆ ಫ್ಲೋರೈಡ್ ಸಮಸ್ಯೆ ಎಷ್ಟು ದೊಡ್ಡದು ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಅಲ್ಲಿನವರಿಗೆ ಆರ್‌ಒ ಬೇಡ ಎಂದು ನಾನು ಯಾವತ್ತೂ ಹೇಳಲ್ಲ. ನಮ್ಮ ಬೋರ್ ನೀರನ್ನು ಸರ್ಕಾರಿ ನೀರು ಪರೀಕ್ಷಾ ಲ್ಯಾಬ್‌ಗೆ ಕೊಟ್ಟು ನೋಡಿದೆ. ಫ್ಲೋರೈಡ್ ಲೀಟರಿಗೆ 0.8 ಮಿಲಿಗ್ರಾಂ ಬಂತು, ಮಿತಿಯಾದ 1ರ ಒಳಗೆ. ಗಡಸುತನ ಮಾತ್ರ ಜಾಸ್ತಿ. ಅದು ಲ್ಯಾಬ್ ಹೇಳದಿದ್ದರೂ ಗೊತ್ತಿತ್ತು. ಬೋರ್ ನೀರಲ್ಲಿ ತೊಗರಿಬೇಳೆ ಎಷ್ಟು ಕೂಗಿಸಿದರೂ ನುಣ್ಣಗೆ ಬೇಯಲ್ಲ, ಕಾಫಿ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ.

ಆ ವಾರ ಬಾಡಿಗೆ ಯಂತ್ರದ ಬಗ್ಗೆಯೂ ವಿಚಾರಿಸಿದೆ. ತಿಂಗಳಿಗಿಷ್ಟು ಎಂದು ಆ್ಯಪ್‌ನಲ್ಲಿ ರೀಚಾರ್ಜ್ ಮಾಡಿಸಬೇಕು. ಸರ್ವಿಸ್, ಫಿಲ್ಟರ್ ಎಲ್ಲ ಅದರಲ್ಲೇ ಬರುತ್ತದೆ. ನಮ್ಮ ಬೀದಿಯಲ್ಲೇ ಒಬ್ಬರ ಮನೆಯಲ್ಲಿದೆ. ಮಗಳ ಸೀಮಂತದ ದಿನ ರೀಚಾರ್ಜ್ ಮುಗಿದು ಯಂತ್ರ ನಿಂತು, ಬಂದ ನೆಂಟರಿಗೆಲ್ಲ ಕ್ಯಾನ್ ನೀರು ತರಿಸಿದರಂತೆ. ಅಲ್ಲಿಗೆ ಆ ವಿಚಾರ ಬಿಟ್ಟೆ.

ಗುಬ್ಬಿ ಗೇಟ್ ಅಂಗಡಿ ಹತ್ತಡಿ ಅಗಲ ಇರಬಹುದು. ಗೋಡೆ ತುಂಬ ನೀಲಿ, ಬಿಳಿ ಪೈಪು, ಮೊಳೆಗೆ ನೇತುಹಾಕಿದ ಪಂಪುಗಳು. ಅಂಗಡಿಯವರ ಮಗಳು ನಮ್ಮ ಸ್ಕೂಲಿನಲ್ಲಿ ಓದಿದವಳು, ಹಾಗಾಗಿ ಅವರೂ ನನ್ನನ್ನು ಮಿಸ್ ಅಂತಲೇ ಕರೆಯುತ್ತಾರೆ. ನಾನು ಒಂದೇ ಮಾತು ಹೇಳಿದೆ: “ಯಾವ ಭಾಗ ಹೋದರೂ ಯಾವ ಊರಿನ ಯಾವ ಅಂಗಡಿಯಲ್ಲಾದರೂ ಸಿಗಬೇಕು. ನಾನೇ ಬಿಚ್ಚೋ ಹಾಗಿರಬೇಕು.”

ಅವರು ಖಾಲಿ ಕ್ಯಾಬಿನೆಟ್ ಒಂದನ್ನು ಟೇಬಲ್ ಮೇಲಿಟ್ಟು ಒಂದೊಂದೇ ಭಾಗ ಜೋಡಿಸುತ್ತಾ ಹೆಸರು, ಬೆಲೆ ಹೇಳಿದರು. ನಾನು ಬರೆದುಕೊಂಡೆ. ಹೊರಗೆ ಗೋಡೆಗೆ ಹಾಕುವ ಹತ್ತಿಂಚಿನ ಪ್ರೀ-ಫಿಲ್ಟರ್ ಬೌಲು, ಅದರೊಳಗೆ ಸ್ಪನ್, ಬದಲಿ ಸ್ಪನ್ 90 ರೂಪಾಯಿ. ಒಳಗೆ ಕೆಸರು ತಡೆಯುವ ಸೆಡಿಮೆಂಟ್ ಮತ್ತು ಇದ್ದಿಲಿನ ಕಾರ್ಬನ್ ಫಿಲ್ಟರ್, ಜೋಡಿಗೆ 600. ನೀರಿನ ಒತ್ತಡ ಹೆಚ್ಚಿಸುವ 24 ವೋಲ್ಟಿನ ಬೂಸ್ಟರ್ ಪಂಪು. ಅದಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್. ಟ್ಯಾಂಕ್ ತುಂಬಿದಾಗ ನಿಲ್ಲಿಸುವ ಫ್ಲೋಟು. ನೀರು ಬಿಡುವ, ತಡೆಯುವ ಸೊಲೆನಾಯ್ಡ್ ವಾಲ್ವ್, ಅದನ್ನು ಅವರೆಲ್ಲ ಎಸ್‌ವಿ ಅನ್ನುತ್ತಾರೆ. ಕೊನೆಗೆ ರೋಗಾಣು ಕೊಲ್ಲುವ ಒಂದು ಯುವಿ ದೀಪ. ಈ ಎಲ್ಲದರ ಜೀವ ಅಂದರೆ ಮೆಂಬ್ರೇನ್, ಲವಣ ತಡೆಯುವ ಆ ಪೊರೆ. ನಮ್ಮದು 80 ಜಿಪಿಡಿಯದು, ಅಂದರೆ ದಿನಕ್ಕೆ 80 ಗ್ಯಾಲನ್ ಲೆಕ್ಕದ್ದು. ಅದರ ಸೀಲ್ ಮಾಡಿದ ಪ್ಯಾಕೆಟ್ಟನ್ನು ನನ್ನ ಕಣ್ಣೆದುರೇ ಕತ್ತರಿಸಿದರು. ನಕಲಿ ಮೆಂಬ್ರೇನ್ ಮಾರ್ಕೆಟ್‌ನಲ್ಲಿ ಬೇಕಾದಷ್ಟಿದೆ, ಬಿಡಿಯಾಗಿ ಕವರ್ ಇಲ್ಲದೆ ಕೊಟ್ಟರೆ ಯಾರ ಹತ್ತಿರವೂ ತಗೋಬೇಡಿ ಮಿಸ್ ಅಂದರು. ಈ ಅಳತೆಯ ಮೆಂಬ್ರೇನ್ ಮಾಮೂಲಿ ಅಳತೆಯ ಯಾವ ಹೌಸಿಂಗ್‌ಗೂ, ಅಂದರೆ ಅದನ್ನು ಕೂರಿಸುವ ಕೊಳವೆಗೂ, ಹೊಂದುತ್ತದೆ. ನಮ್ಮ ಹಳೆಯ ಯಂತ್ರದ ಒಳಗಿದ್ದದ್ದೂ ಇದೇ ಅಳತೆಯದು! ಬೀಗ ಹಾಕಿದ್ದು ಆ ಇದ್ದಿಲ ಡಬ್ಬಿಗೆ ಮಾತ್ರ.

ಕಾಪರ್, ಆಲ್ಕಲೈನ್, ಮಿನರಲ್ ಎಂದು ಸೇರಿಸುವ ಡಬ್ಬಿಗಳನ್ನು ಬೇಡ ಅಂದೆ. ಅವರೂ ಒತ್ತಾಯ ಮಾಡಲಿಲ್ಲ. ಟಿಡಿಎಸ್ ಅಡ್ಜಸ್ಟರ್ ಎಂಬ ಪುಟ್ಟ ತಿರುಪು ಒಂದಿರುತ್ತದೆ. ನೀರು ರುಚಿಯಾಗಲಿ ಎಂದು ಅದನ್ನು ತಿರುಗಿಸಿದರೆ ಮೆಂಬ್ರೇನ್ ದಾಟದ ನೀರನ್ನು ಶುದ್ಧ ನೀರಿಗೆ ಬೆರೆಸುತ್ತದೆ. ಫ್ಲೋರೈಡ್ ಇರುವ ಊರಲ್ಲಿ ಇದು ಸರಿಯಲ್ಲ. ನಿಮ್ಮ ಮನೆ ಯಂತ್ರದಲ್ಲಿ ಅದು ಎಷ್ಟು ತೆರೆದಿದೆ ಎಂದು ಒಮ್ಮೆ ನೋಡಿ. ನಮ್ಮದರಲ್ಲಿ ಅದನ್ನು ಹಾಕಿಸಲೇ ಇಲ್ಲ.

ಮನೆಗೆ ಬಂದು ಕೂರಿಸಿದ್ದೂ ಸೇರಿ 7,400 ರೂಪಾಯಿ.

ಮೊದಲ ಟ್ಯಾಂಕ್ ನೀರು ಪೂರ್ತಿ ಚೆಲ್ಲಬೇಕು, ಚೆಲ್ಲಿದೆವು. ಎರಡು ದಿನ ಪ್ಲಾಸ್ಟಿಕ್ ವಾಸನೆ ಇತ್ತು, ಆಮೇಲೆ ಹೋಯಿತು. ಶುರುವಿನಲ್ಲಿ 940ರ ನೀರು 58 ಆಗಿ ಬರುತ್ತಿತ್ತು. ಒಂದೂವರೆ ವರ್ಷದ ನಂತರ ಈಗ 84. ಅದು 150 ದಾಟಿದರೆ ಮೆಂಬ್ರೇನ್ ಬದಲಾಯಿಸುತ್ತೇನೆ. ಯಾವಾಗ ಬದಲಾಯಿಸಬೇಕು ಎಂದು ಈಗ ಹೇಳುವುದು ನೀರೇ.

ಇಲ್ಲಿಯವರೆಗೆ ಐದು ಸ್ಪನ್, ಒಂದು ಜೋಡಿ ಸೆಡಿಮೆಂಟ್-ಕಾರ್ಬನ್, ಪೈಪು ತಿರುಗುವಲ್ಲಿ ಹಾಕುವ ಒಂದು 20 ರೂಪಾಯಿಯ ಎಲ್ಬೋ. ಒಟ್ಟು 1,070 ರೂಪಾಯಿ. ಸ್ಪನ್ ಬದಲಾಯಿಸಲು ಹತ್ತು ನಿಮಿಷ ಸಾಕು. ವಾಲ್ವ್ ನಿಲ್ಲಿಸಿ, ಜೊತೆಗೆ ಕೊಟ್ಟಿರುವ ಸ್ಪ್ಯಾನರಿನಿಂದ ಬೌಲ್ ಬಿಚ್ಚಿ, ಹಳೆಯದು ತೆಗೆದು, ಬೌಲಿನ ತಳದಲ್ಲಿ ಕೂತ ಕೆಸರು ತೊಳೆದು, ಹೊಸದು ಹಾಕಿ ಮುಚ್ಚುವುದು. ರಬ್ಬರ್ ರಿಂಗ್ ತನ್ನ ಕಾಲುವೆಯಲ್ಲಿ ಸರಿಯಾಗಿ ಕೂತಿದೆಯಾ ನೋಡಿಕೊಳ್ಳಬೇಕು. ಮೊದಲ ಸಲ ಅಂಗಡಿಯವರನ್ನು ಕರೆಸಿ ಪಕ್ಕದಲ್ಲಿ ನಿಂತು ನೋಡಿದೆ. ಎರಡನೇ ಸಲದಿಂದ ನಾನೇ. ತೆಗೆದ ಸ್ಪನ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಕಣ್ಣಾರೆ ನೋಡಿ ಬದಲಾಯಿಸುವುದರಲ್ಲಿ ಒಂದು ಸಮಾಧಾನ ಇದೆ.

ತೊಂದರೆಗಳೂ ಇವೆ. ಪಂಪಿನ ಸದ್ದು ಜಾಸ್ತಿ. ರಾತ್ರಿ ಓಡಿದರೆ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಮಲಗುವ ಅತ್ತೆಗೆ ಎಚ್ಚರ ಆಗುತ್ತದೆ. ಒಂಬತ್ತಕ್ಕೆ ಸ್ವಿಚ್ ತೆಗೆದುಬಿಡುತ್ತೇವೆ. ಕ್ಯಾಬಿನೆಟ್ ಪ್ಲಾಸ್ಟಿಕ್ ತೆಳು, ಮುಚ್ಚಳದ ಒಂದು ಕೊಂಡಿ ಆಗಲೇ ಮುರಿದಿದೆ. ಎಂಟನೇ ತಿಂಗಳಲ್ಲಿ ಒಂದು ರಾತ್ರಿ ಎಲ್ಬೋ ಹತ್ತಿರ ಸೋರಿ ಅಡುಗೆಮನೆ ನೆಲವೆಲ್ಲ ನೀರಾಗಿತ್ತು. ಅಂಗಡಿಯವರಿಗೆ ಬೆಳಿಗ್ಗೆ ಫೋನ್ ಮಾಡಿದರೆ, ಪೈಪಿನ ತುದಿ ಓರೆಯಾಗಿ ಕತ್ತರಿಸಿರಬೇಕು, ಬ್ಲೇಡಿನಿಂದ ನೇರ ಕತ್ತರಿಸಿ ಒಳಗೆ ತಳ್ಳಿ ಅಂದರು. ಜೋಡಿಸುವಾಗಲೇ ನೋಡಬೇಕಿತ್ತು, ಅದು ಅವರ ತಪ್ಪೇ. ಒಪ್ಪಿಕೊಂಡರು. ಎಲ್ಬೋದಲ್ಲೂ ಸಣ್ಣ ಬಿರುಕಿತ್ತು, ಅದನ್ನು ಬದಲಾಯಿಸಿದೆ. ಫಿಲ್ಟರ್ ಬದಲಾಯಿಸಿ ಎಂದು ನೆನಪಿಸುವ ದೀಪ ಇಲ್ಲ. ನೆನಪಿಡುವ ಕೆಲಸ ನಮ್ಮದೇ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ತಿಂಗಳ ಮೊದಲ ತಾರೀಖಿಗೆ ರೀಡಿಂಗ್ ಬರೆಯುತ್ತೇನೆ. ಅಷ್ಟೂ ಮಾಡಲು ಆಗದವರಿಗೆ ಈ ಯಂತ್ರ ಹೊಂದಲ್ಲ, ನಂಬಿಕೆಯ ಮೆಕ್ಯಾನಿಕ್ ಒಬ್ಬರು ಹತ್ತಿರ ಇರಬೇಕು.

ನೀರು ಪೋಲಾಗುವುದು ಇದರಲ್ಲೂ ತಪ್ಪಿಲ್ಲ. ಅಳೆದು ನೋಡಿದೆ. ಒಂದು ಲೀಟರ್ ಶುದ್ಧ ನೀರು ಬರುವಷ್ಟರಲ್ಲಿ ಎರಡೂ ಮುಕ್ಕಾಲು ಲೀಟರ್ ಹೊರಗೆ ಹೋಗುತ್ತದೆ. ಆ ಪೈಪನ್ನು ಬಕೆಟ್‌ಗೆ ಬಿಟ್ಟು ನೆಲ ಒರೆಸಲು, ಬಚ್ಚಲು ತೊಳೆಯಲು ಬಳಸುತ್ತೇವೆ. ಲವಣ ಜಾಸ್ತಿ ಇರುವುದರಿಂದ ಗಿಡಕ್ಕೆ ಹಾಕಲ್ಲ.

ಅದಕ್ಕೇ ಸ್ಟೀಲ್ ಫಿಲ್ಟರ್ ಮತ್ತೆ ಇಳಿದು ಬಂದದ್ದು. ಅತ್ತೆಯ ಕಾಲದ್ದು, ಎರಡು ಅಂತಸ್ತು, ಮೇಲಿನದರಲ್ಲಿ ಮೂರು ಬಿಳಿ ಪಿಂಗಾಣಿ ಕ್ಯಾಂಡಲ್. ಹಳೆಯ ಕ್ಯಾಂಡಲ್ ಒಂದರಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಬಿರುಕಿದ್ದರೆ ಅದು ಫಿಲ್ಟರೇ ಅಲ್ಲ, ಮೂರನ್ನೂ ಬದಲಾಯಿಸಿದೆ. ಒಂದಕ್ಕೆ 150 ರೂಪಾಯಿ ಆಯಿತು. ಹೇಮಾವತಿ ನೀರು ಬಂದ ದಿನ ದೊಡ್ಡ ಪಾತ್ರೆಯಲ್ಲಿ ಕುದಿಸುತ್ತೇವೆ. ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ರೋಗಾಣುಗಳು ಸಾಯುತ್ತವೆ. ಆರಿದ ಮೇಲೆ ಫಿಲ್ಟರ್‌ಗೆ. ರಾತ್ರಿ ತುಂಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಕೆಳಗಿನ ಅಂತಸ್ತು ಭರ್ತಿ. ಬರೀ ಕ್ಯಾಂಡಲ್ ಮೇಲೆ ಭಾರ ಹಾಕಬೇಡಿ, ವೈರಸ್‌ಗಳನ್ನು ಅದು ತಡೆಯಲ್ಲ. ವಾರಕ್ಕೊಮ್ಮೆ ಮೆತ್ತಗಿನ ಬ್ರಷ್‌ನಿಂದ ಉಜ್ಜಿ ತೊಳೆಯುವುದು, ಸೋಪು ಹಾಕಬಾರದು. ಈ ಕೆಲಸ ಅತ್ತೆ ಯಾರಿಗೂ ಬಿಡಲ್ಲ. ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ಕೂತು ಒಂದೊಂದೇ ಕ್ಯಾಂಡಲ್ ಹಿಡಿದು ತಿಕ್ಕುತ್ತಾರೆ, ಮಗುವಿಗೆ ಎಣ್ಣೆ ಹಚ್ಚುವ ಹಾಗೆ. ನೀರಿನ ರುಚಿಯೂ ಇದರದ್ದೇ ಚೆನ್ನ ಎಂಬುದು ಅವರ ಮಾತು. ನನಗೂ ಹಾಗೇ ಅನಿಸುತ್ತದೆ.

ನಾಲ್ಕು ಜನರ ನಮ್ಮ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ಹದಿನೈದು ಲೀಟರ್ ಬೇಕು. ಹೇಮಾವತಿ ನೀರು ಕೈಯಲ್ಲಿ ಇರುವವರೆಗೆ ಸ್ಟೀಲ್ ಫಿಲ್ಟರ್. ಮುಗಿದರೆ ಆರ್‌ಒ. ಮಳೆಗಾಲದಲ್ಲಿ ಆರ್‌ಒ ಹೆಚ್ಚುಕಡಿಮೆ ಸುಮ್ಮನೇ ಇರುತ್ತದೆ. ಆಗ ಎರಡು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಓಡಿಸಿ ಮೊದಲ ನೀರು ಚೆಲ್ಲುತ್ತೇನೆ. ನಿಂತ ನೀರು ಒಳಗೇ ಇರಬಾರದು.

ದೂರು ಕೊಡಲಿಲ್ಲವೇ ಎಂದು ಕೆಲವರು ಕೇಳಿದರು. ಕೊಟ್ಟೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ನೀರು ಹರಿಯದ ದಿನವನ್ನೂ ಎಣಿಸುವ ಲಾಕ್ ಬಗ್ಗೆ ದಾಖಲು ಮಾಡಿಸಿದೆ. ಮೂರು ವಾರದ ನಂತರ ಕಂಪನಿಯವರು ಫೋನ್ ಮಾಡಿ ಎಎಂಸಿಯಲ್ಲಿ ರಿಯಾಯಿತಿ ಕೊಡುತ್ತೇವೆ ಅಂದರು. ನನಗೆ ಬೇಕಾಗಿದ್ದು ರಿಯಾಯಿತಿ ಅಲ್ಲ, ಲಾಕ್ ತೆಗೆಯುವುದು ಅಂದೆ. ಅದು ಆಗಲ್ಲ ಅಂದರು. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದೆ. ಮೊಬೈಲ್, ವಾಹನ, ಕೃಷಿ ಯಂತ್ರಗಳ ಜೊತೆ ಗೃಹಬಳಕೆಯ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಬಿಡಿಭಾಗ, ಸರ್ವಿಸ್ ಸೆಂಟರ್ ಮಾಹಿತಿಯನ್ನು ಕಂಪನಿಗಳು ಅಲ್ಲಿ ಹಾಕಬೇಕು ಎಂಬುದು ಉದ್ದೇಶ. ಒಳ್ಳೆಯ ಹೆಜ್ಜೆ. ಆದರೆ ನಾವು ಕೊಂಡ ಯಂತ್ರಕ್ಕೆ ಇನ್ನೊಬ್ಬರು ಬೀಗ ಹಾಕಬಾರದು ಎಂಬ ಕಾನೂನು ಬೇಕು. ಕೊಳ್ಳುವಾಗಲೇ, ಫಿಲ್ಟರ್ ಅವಧಿ ಮುಗಿದರೆ ಈ ಯಂತ್ರ ನಿಂತುಹೋಗುತ್ತದೆ ಎಂದು ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದಿರಬೇಕು. ಅದನ್ನು ಓದಿದ್ದರೆ ನಾನು ಆ ಅಂಗಡಿಯಿಂದ ಬರಿಗೈಯಲ್ಲಿ ಬರುತ್ತಿದ್ದೆ.

ಅಲ್ಲಿಯವರೆಗೆ ಅಂಗಡಿಯಲ್ಲಿ ನಿಂತು ಮೂರು ಪ್ರಶ್ನೆ ಕೇಳಿ. ಫಿಲ್ಟರ್ ಹೊರಗಿನ ಅಂಗಡಿಯಲ್ಲಿ ಸಿಗುತ್ತಾ? ಅವಧಿ ಮುಗಿದರೆ ದೀಪ ಮಾತ್ರ ಉರಿಯುತ್ತಾ, ಯಂತ್ರವೇ ನಿಲ್ಲುತ್ತಾ? ಅವಧಿ ಲೆಕ್ಕ ಲೀಟರಿನಲ್ಲೋ ದಿನದಲ್ಲೋ? ಬಾಯಿಮಾತು ಬೇಡ, ಬಿಲ್ ಹಿಂದೆ ಬರೆಸಿಕೊಳ್ಳಿ.

ಕಡ್ಡಿ ಪ್ರಯೋಗವನ್ನು ಹೋದ ವರ್ಷ ಹತ್ತನೇ ತರಗತಿಯಲ್ಲಿ ಮಾಡಿಸಿದೆ. ನೀರಿನ ವಿದ್ಯುದ್ವಿಭಜನೆ ಹೇಗೂ ಅವರ ಪಾಠದಲ್ಲಿದೆ. ಮನೆ ಕರೆಂಟ್ ಅಲ್ಲ, 9 ವೋಲ್ಟಿನ ಬ್ಯಾಟರಿ, ಎರಡು ಕಬ್ಬಿಣದ ಮೊಳೆ. ನಾಲ್ಕು ಲೋಟ: ಹೇಮಾವತಿ, ಬೋರ್, ಆರ್‌ಒ, ಉಪ್ಪು ಹಾಕಿದ ಆರ್‌ಒ. ಎಲ್ಲಕ್ಕಿಂತ ಮೊದಲು ಕಂದಾಗಿದ್ದು ನಾಲ್ಕನೆಯದು. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು. “ಮಿಸ್, ನಮ್ಮ ಮನೇಲೂ ಒಬ್ರು ಬಂದು ಇದನ್ನೇ ತೋರಿಸಿದ್ರು. ನಮ್ಮಮ್ಮ ಸಾಲ ಮಾಡಿ ತಗೊಂಡ್ರು.” ತರಗತಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಕೂತಿತ್ತು. ಮರುದಿನ ಅವಳು ಮನೆಯ ನೀರನ್ನು ಬಾಟಲಿಯಲ್ಲಿ ತಂದಳು. ಅಳೆದರೆ 210.

ಹಳೆಯ ಯಂತ್ರ ಏನಾಯಿತು ಎಂದು ಹೇಳಲಿಲ್ಲ. ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಅಂಗಡಿಯವರ ಹತ್ತಿರ ತೆಗೆದುಕೊಂಡು ಹೋದೆ. ಬಿಚ್ಚಿ ನೋಡಿದರು. ಪಂಪು, ಎಸ್‌ಎಂಪಿಎಸ್, ಮೆಂಬ್ರೇನ್ ಹೌಸಿಂಗ್ ಮೂರೂ ಗಟ್ಟಿಮುಟ್ಟಾಗಿದ್ದವು, ಮೂರೂ ಮಾಮೂಲಿ ಅಳತೆಯವು. ಚಿಪ್ ಓದುವ ಬೋರ್ಡನ್ನು ಕಿತ್ತು ಪಕ್ಕಕ್ಕಿಟ್ಟರು. ಹೊಸ ಮೆಂಬ್ರೇನ್, ಫಿಲ್ಟರ್, ಒಂದು ದೊಡ್ಡ ಟ್ಯಾಂಕ್ ಸೇರಿಸಿ ನಮ್ಮ ಸ್ಕೂಲಿಗೆ ಒಂದು ಯಂತ್ರ ಮಾಡಿಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ಸ್ಕೂಲಿಗೆ ಬೋರ್ ನೀರೊಂದೇ ಆಧಾರ. ವರಾಂಡದ ಗೋಡೆ ಮೇಲೆ ಚಾರ್ಟ್ ಅಂಟಿಸಿದ್ದೇವೆ. ಪ್ರತಿ ಸೋಮವಾರ ಇಬ್ಬರು ಮಕ್ಕಳು ಮೀಟರ್ ಅದ್ದಿ, ತಾರೀಖು ಹಾಕಿ, ಒಳಗೆ ಬರುವ ನೀರು ಎಷ್ಟು, ಹೊರಗೆ ಬರುವ ನೀರು ಎಷ್ಟು ಎಂದು ಬರೆಯುತ್ತಾರೆ. ಈ ವಾರದ್ದು 880, 71.